ಯುದ್ಧ ಮುಗಿದ ದ್ವೀಪದ ಸ್ಕೂಲಿಗೆ ಹಳೇ ಲ್ಯಾಪ್‌ಟಾಪ್ ಕಳಿಸೋದಾ ಬೇಡ್ವಾ? ಗೊತ್ತಿರೋರು ಹೇಳ್ರಪ್ಪ

ಬಂಗಾರಪೇಟೆ_ಬ್ಯಾಚ್05

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರ್ ಮಾಡ್ಕೋಬೇಡಿ.

ನಾವು ಬಂಗಾರಪೇಟೆ ಕಡೆಯೋರು, 2005ರ ಎಸ್ಸೆಸ್ಸೆಲ್ಸಿ ಬ್ಯಾಚು. ನಮ್ಮ ಜತೆ ಓದಿದ ಒಬ್ಳು ಹೋದ್ ವರ್ಷ ವಾಲಂಟಿಯರ್ ಟೀಚರ್ ಆಗಿ ಬೋಗನ್‌ವಿಲ್ ಅನ್ನೋ ದ್ವೀಪಕ್ಕೆ ಹೋಗವ್ಳೆ. ನಮಗೆ ಬೋಗನ್‌ವಿಲ್ಲಾ ಅಂದ್ರೆ ಕಾಂಪೌಂಡ್ ಮೇಲೆ ಬಿಡೋ ಕಾಗದದ ಹೂ ಅಷ್ಟೇ ಗೊತ್ತಿದ್ದಿದ್ದು, ಆ ಹೂವಿಗೂ ದ್ವೀಪಕ್ಕೂ ಒಬ್ಬನೇ ಫ್ರೆಂಚ್ ನಾವಿಕನ ಹೆಸರಂತೆ. ಪಪುವಾ ನ್ಯೂಗಿನಿ ದೇಶದ ಪೂರ್ವದ ತುದೀಲಿ, ಸಾಲೊಮನ್ ದ್ವೀಪಗಳ ಪಕ್ಕ. ಜನ ಸುಮಾರು 3 ಲಕ್ಷ, ನಮ್ ಕೋಲಾರ ಜಿಲ್ಲೇಲಿ 2011ರ ಲೆಕ್ಕಕ್ಕೇ 15 ಲಕ್ಷ ಚಿಲ್ಲರೆ ಇದ್ರು, ಜಾಗ ಮಾತ್ರ ಅವರದು ನಮ್ ಜಿಲ್ಲೆಗಿಂತ ಎರಡರಷ್ಟಕ್ಕೂ ಮೇಲೆ.

ಅಲ್ಲಿ 1988ರಿಂದ 1998ರ ತನಕ ಯುದ್ಧ ನಡೀತು. ಸರ್ಕಾರ 1990ರಲ್ಲಿ ದ್ವೀಪಕ್ಕೇ ದಿಗ್ಬಂಧನ ಹಾಕ್ತು, ಔಷಧಿ ಇಲ್ಲ, ಡೀಸೆಲ್ ಇಲ್ಲ, ಬಹಳ ಕಡೆ ಸ್ಕೂಲೇ ಮುಚ್ಚೋಯ್ತು. ಆಗ ಏಳೆಂಟು ವರ್ಷದೋರಾಗಿದ್ದ ಮಕ್ಳು ಈಗ ನಲವತ್ತು ದಾಟವ್ರೆ, ಅವರಲ್ಲಿ ಎಷ್ಟೋ ಜನಕ್ಕೆ ಓದೇ ಇಲ್ಲ, ಅವರ ಮಕ್ಳು ಈಗ ಇವಳ ಕ್ಲಾಸಲ್ಲಿ ಕೂತವ್ರೆ. ಮನೇಲಿ ಹೋಂವರ್ಕ್ ತೋರ್ಸೋಕೆ ಯಾರೂ ಇಲ್ಲ ಅಂತಾಳೆ. ಅವಳಿರೋ ಹಳ್ಳಿಗೆ ಆರಾವಾ ಅನ್ನೋ ಊರಿಂದ ಬೋಟಲ್ಲಿ ಹೋಗ್ಬೇಕು, ಫೋನ್ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು, ವಾರಕ್ಕೊಂದು ಸಲ ವಾಯ್ಸ್ ನೋಟ್ ಬರ್ತದೆ, ಹಿಂದಗಡೆ ಗಾಳಿ ಸದ್ದು ಬುಸ್ ಅಂತಿರುತ್ತೆ.

ವಿಷಯ ಏನಪ್ಪಾ ಅಂದ್ರೆ ನಮ್ ಗ್ರೂಪಲ್ಲಿ ಒಬ್ಬ ಬೆಂಗಳೂರಲ್ಲಿ ಆಫೀಸಿಂದ 14 ಹಳೇ ಲ್ಯಾಪ್‌ಟಾಪ್ ಎತ್ತಿಸವ್ನೆ, ಉಳಿದೋರು ಸೇರಿ 90 ಸಾವಿರ ಹಾಕಿದೀವಿ. ಕೆಲವ್ರು ಲ್ಯಾಪ್‌ಟಾಪ್ ಪಾರ್ಸೆಲ್ ಮಾಡೋಣ ಅಂತಾವ್ರೆ, ಕೆಲವ್ರು ಸ್ಯಾಟಲೈಟ್ ಇಂಟರ್ನೆಟ್ ಡಿಶ್ ಕೊಡ್ಸೋಣ ಅಂತ, ಇನ್ನೊಬ್ಬ ಸುಮ್ನೆ ದುಡ್ಡು ಕಳ್ಸಿ ಕೈ ತೊಳ್ಕೊಳ್ಳೋಣ ಅಂತ. ದಿನಾ ಜಗಳ. ಅವಳನ್ನ ಕೇಳಿದ್ರೆ "ಇರ್ರೋ, ಇಲ್ಲಿ ದೊಡ್ಡೋರನ್ನ ಕೇಳಿ ಹೇಳ್ತೀನಿ" ಅಂದ್ಬಿಟ್ಟು ಎರಡು ವಾರ ಆಯ್ತು. ನಿಮಗೇನನ್ಸುತ್ತೆ?

---

ತಿಪಟೂರು_ಕೊಬ್ಬರಿ

ಅಣ್ಣ ಲ್ಯಾಪ್‌ಟಾಪ್ ವಿಷಯ ನನಗೆ ಗೊತ್ತಿಲ್ಲ, ಆದ್ರೆ ಈ ದ್ವೀಪದ ಹೆಸರು ನೋಡಿ ಸುಮ್ನಿರೋಕಾಗ್ಲಿಲ್ಲ. ದಿಗ್ಬಂಧನ ಹಾಕಿ ಡೀಸೆಲ್ ನಿಲ್ಸಿದಾಗ ಆ ಜನ ಏನ್ ಮಾಡಿದ್ರು ಗೊತ್ತಾ, ಕೊಬ್ಬರಿ ಎಣ್ಣೇಲಿ ಗಾಡಿ ಓಡ್ಸಿದ್ರು! ತೆಂಗಿನಕಾಯಿ ತುರಿದು ಎಣ್ಣೆ ತೆಗೆದು ಸೋಸಿ ಡೀಸೆಲ್ ಇಂಜಿನ್ನಿಗೆ ಹಾಕೋದು. ಮುಚ್ಚಿಹೋದ ಗಣಿಯಿಂದ ಗುಜರಿ ಸಾಮಾನು ಕಿತ್ಕೊಂಬಂದು ಹೊಳೆ ನೀರಿಗೆ ಟರ್ಬೈನ್ ಕಟ್ಟಿ ಕರೆಂಟ್ ಮಾಡ್ಕೊಂಡ್ರು. ನಮ್ ತಿಪಟೂರು ಮಾರ್ಕೆಟ್ಟಲ್ಲಿ ಕೊಬ್ಬರಿ ರೇಟ್ ಬಿದ್ದಾಗೆಲ್ಲ ನಮ್ಮಪ್ಪಂಗೆ ಈ ಕಥೆ ಹೇಳ್ತೀನಿ, "ಹಂಗಾದ್ರೆ ನಿನ್ ಬೈಕಿಗೂ ಹಾಕೋ ನೋಡಾಣ" ಅಂತಾರೆ. ಬೈಕು ಪೆಟ್ರೋಲು ಅಂದ್ರೆ ಕೇಳಲ್ಲ.

ಹೇಳಕ್ಕೆ ಹೊರಟಿದ್ದು ಏನಂದ್ರೆ, ಅವರಿಗೆ ಕೈಕೆಲಸ ಬರಲ್ಲ ಅಂದ್ಕೊಂಡು ಹೋಗ್ಬೇಡಿ. ಸ್ಪಾನರ್ ಹಿಡಿಯೋದು ನಿಮ್ ಬ್ಯಾಚಿನೋರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.

---

ಬಾಗೇಪಲ್ಲಿ_ಮೇಷ್ಟ್ರು

ನಾನು ಮೂವತ್ತೊಂದು ವರ್ಷ ಪ್ರೈಮರಿ ಸ್ಕೂಲಲ್ಲಿದ್ದು ರಿಟೈರ್ ಆದೋನು. ಒಂದು ಕಥೆ ಹೇಳ್ತೀನಿ, ಸ್ಕೂಲಿನ ಹೆಸರು ಬೇಡ. ನಾನಿದ್ದ ಒಂದು ಸ್ಕೂಲಿಗೆ ದಾನಿಗಳು ಹತ್ತು ಕಂಪ್ಯೂಟರ್ ಕೊಟ್ರು. ಹಾರ ಹಾಕಿ, ಫೋಟೋ ತೆಗೆದು, ಪೇಪರಲ್ಲೂ ಬಂತು. ಏಳೇ ತಿಂಗಳಿಗೆ ಯುಪಿಎಸ್ ಬ್ಯಾಟ್ರಿ ಸತ್ತೋಯ್ತು. ಹೊಸ ಬ್ಯಾಟ್ರಿಗೆ ಯಾವ ಲೆಕ್ಕದಲ್ಲಿ ದುಡ್ಡು ತೆಗೀಬೇಕು ಅಂತ ಯಾರಿಗೂ ಗೊತ್ತಿಲ್ಲ, ದಾನಿಗಳು ಫೋನ್ ಎತ್ತಲ್ಲ. ಕಳ್ತನ ಆದ್ರೆ ನನ್ ತಲೆಮೇಲೆ ಬರ್ತದೆ ಅಂತ ಎಚ್ಚೆಮ್ಮು ರೂಮಿಗೆ ಬೀಗ ಜಡಿದ್ರು. ನಾನು ಟ್ರಾನ್ಸ್‌ಫರ್ ಆಗೋ ಹೊತ್ತಿಗೆ ಆ ರೂಮಲ್ಲಿ ಬಿಸಿಯೂಟದ ಬೇಳೆ ಮೂಟೆ ಇಡ್ತಿದ್ರು, ಮಾನಿಟರ್ ಮೇಲೆ ಇಲಿ ಮರಿ ಹಾಕಿತ್ತು. ಇದು ತಾಲ್ಲೂಕು ಸೆಂಟ್ರಿಂದ ಹನ್ನೊಂದು ಕಿಲೋಮೀಟರ್ ದೂರದ ಕಥೆ. ಸಮುದ್ರ ದಾಟಿ ಬೋಟಲ್ಲಿ ಹೋಗೋ ಊರಿಗೆ ನೀವೇ ಲೆಕ್ಕ ಹಾಕ್ಕೊಳ್ಳಿ.

ಇನ್ನೊಂದು, ಭಾಷೆ ವಿಷಯ ಯಾರೂ ಕೇಳೇ ಇಲ್ವಲ್ಲ? ನಮ್ ಬಾಗೇಪಲ್ಲಿ ಕಡೆ ಮಕ್ಳು ಮನೇಲಿ ತೆಲುಗು ಮಾತಾಡ್ತಾವೆ, ಸ್ಕೂಲಿಗೆ ಬಂದ್ರೆ ಕನ್ನಡ, ಒಂದನೇ ಕ್ಲಾಸಿಂದ ಇಂಗ್ಲಿಷು. ಒಂದನೇ ಕ್ಲಾಸಿನ ಮಗೂಗೆ "ನೀರು ಕುಡಿದ್ಯಾ" ಅಂದ್ರೆ ಮುಖ ನೋಡ್ತಿತ್ತು, "ನೀಳ್ಳು ತಾಗಿನಾವಾ" ಅಂದ್ರೆ ಹಲ್ಲು ಬಿಡ್ತಿತ್ತು. ಮೊದ್ಲು ಆ ಹಲ್ಲು ಬಿಡ್ಸಬೇಕು, ಅಕ್ಷರ ಆಮೇಲೆ. ಬೋಗನ್‌ವಿಲ್ಲಲ್ಲಿ ಇದು ಇನ್ನೂ ಜಾಸ್ತಿ, ಅಷ್ಟು ಸಣ್ಣ ಜಾಗದಲ್ಲಿ ಇಪ್ಪತ್ತರ ಹತ್ರ ಭಾಷೆಗಳು, ಎಲ್ರೂ ಸೇರಿದ್ರೆ ಟೋಕ್ ಪಿಸಿನ್, ಪರೀಕ್ಷೆ ಇಂಗ್ಲಿಷು. ಆದ್ರೆ ನಿಮಗೆ ಗೊತ್ತಿರ್ಲಿ, ಊರ ಭಾಷೇಲಿ ಮೊದ್ಲು ಓದ್ಸೋ ಹಳ್ಳಿ ಸ್ಕೂಲುಗಳನ್ನ ಆ ಜನಾನೇ 1980ರಲ್ಲಿ ಶುರು ಮಾಡಿದ್ರು, ಯುದ್ಧಕ್ಕೂ ಮುಂಚೆ. ಟೋಕ್ ಪ್ಲೇಸ್ ಸ್ಕೂಲ್ ಅಂತಾರೆ, ಟೋಕ್ ಪ್ಲೇಸ್ ಅಂದ್ರೆ ಊರ ಮಾತು. ದೇಶದ ಬೇರೆ ಕಡೆಯೋರು ಅದನ್ನ ಆಮೇಲೆ ಹಿಡ್ಕೊಂಡ್ರು. ಅಂಥೋರಿಗೆ ನೀವು ಹದಿನಾಲ್ಕು ಲ್ಯಾಪ್‌ಟಾಪ್ ತುಂಬ ಇಂಗ್ಲಿಷ್ ವೀಡಿಯೋ ತುಂಬಿ ಕಳಿಸ್ತೀರಾ?

---

ಕೋಲಾರ್_ಸಿಡುಕ

ಇಲ್ಲಿ ನಮ್ ಊರ ಸ್ಕೂಲು ಮಳೆ ಬಂದ್ರೆ ಸೋರ್ತದೆ, ಮಕ್ಳು ಒಂದು ಮೂಲೆಗೆ ಸರಕೊಂಡು ಕೂತ್ಕೋತಾವೆ. 90 ಸಾವಿರದಲ್ಲಿ ಶೀಟ್ ಹಾಕಿಸ್ಬೋದಿತ್ತು. ಮನೆಗೆ ಮಾರಿ ಪರರಿಗೆ ಉಪಕಾರಿ.

---

ಬಂಗಾರಪೇಟೆ_ಬ್ಯಾಚ್05

ಅಣ್ಣ ನಿಮ್ಮ ಮಾತು ತಪ್ಪು ಅನ್ನಲ್ಲ. ನಾವು ಓದಿದ ಸ್ಕೂಲಿಗೂ ಹೋದ್ ವರ್ಷ ಟಾಯ್ಲೆಟ್ ರಿಪೇರಿ ಮಾಡ್ಸಿದೀವಿ. ಇದು ನಮ್ ಹುಡುಗಿ ಅಲ್ಲಿದಾಳೆ ಅಂತ, ಅಷ್ಟೇ. ಮದುವೆ ಮುಯ್ಯಿ ಇದ್ದಂಗೆ ಅನ್ಕೊಳ್ಳಿ.

ಮೇಷ್ಟ್ರೇ, ಇಲಿ ಮರಿ ವಿಷಯ ಗ್ರೂಪಿಗೆ ಫಾರ್ವರ್ಡ್ ಮಾಡ್ದೆ. ಲ್ಯಾಪ್‌ಟಾಪ್ ತಂದವನು ಲೆಫ್ಟ್ ಆಗಿ ಮತ್ತೆ ಜಾಯಿನ್ ಆದ.

---

ಆಂಟೆನಾ_ತುಮಕೂರು

ನಾನು ಹ್ಯಾಮ್, ಅಂದ್ರೆ ಹವ್ಯಾಸಕ್ಕೆ ರೇಡಿಯೋ ನಡ್ಸೋನು, ಲೈಸೆನ್ಸ್ ತಗೊಂಡು ಇಪ್ಪತ್ತೆರಡು ವರ್ಷ ಆಯ್ತು, ಮನೆ ತಾರಸಿ ಮೇಲೆ ವೈರು ನೋಡಿ ಪಕ್ಕದ್ಮನೆ ಆಂಟಿ ಈಗ್ಲೂ ಬಟ್ಟೆ ಒಣಗಾಕಬಹುದಾ ಅಂತ ಕೇಳ್ತಾರೆ. ನಿಮ್ ಪ್ರಶ್ನೇಲಿ ಸಂಪರ್ಕದ್ದು ಅರ್ಧ ಐತೆ, ಅದಕ್ಕೆ ನಾನು ಬರೀತೀನಿ.

ಬೋಗನ್‌ವಿಲ್ ಪಕ್ಕದಲ್ಲೇ ಸಾಲೊಮನ್ ಐಲ್ಯಾಂಡ್ಸ್ ದೇಶ. ಅಲ್ಲೂ 1998ರಿಂದ 2003ರ ತನಕ ಹೊಡೆದಾಟ, 2000ದ ಜೂನಲ್ಲಿ ಬಂಡಾಯ ಆಗಿ ಸರ್ಕಾರಾನೇ ಉರುಳ್ತು. ಅಂಥ ಟೈಮಲ್ಲಿ, 2001ರಲ್ಲಿ, ಪೀಪಲ್ ಫಸ್ಟ್ ನೆಟ್‌ವರ್ಕ್ ಅಂತ ಒಂದು ಶುರು ಆಯ್ತು. ದೂರದ ದ್ವೀಪದ ಒಂದು ಹಳ್ಳೀಲಿ ಒಂದು ಎಚ್‌ಎಫ್ (ಶಾರ್ಟ್‌ವೇವ್) ರೇಡಿಯೋ ಸೆಟ್, ಒಂದು ಮೋಡೆಮ್, ಒಂದು ಲ್ಯಾಪ್‌ಟಾಪ್, ಒಂದು ಸೋಲಾರ್ ಪ್ಯಾನಲ್, ಒಂದು ಬ್ಯಾಟ್ರಿ. ಎಲ್ಲಾ ಒಂದೊಂದೇ, ಗಮನಿಸಿ. ಟವರ್ ಇಲ್ಲ, ಕೇಬಲ್ ಇಲ್ಲ, ಸ್ಯಾಟಲೈಟ್ ಇಲ್ಲ. ಎಚ್‌ಎಫ್ ಅಲೆ ಆಕಾಶದಲ್ಲಿ ಅಯಾನು ಪದರಕ್ಕೆ ತಗುಲಿ ವಾಪಸ್ ಬೀಳ್ತದೆ, ಕೆರೇಲಿ ಕಲ್ಲು ಕಪ್ಪೆ ಹಾರ್ಸಿದಂಗೆ ನೂರಾರು ಕಿಲೋಮೀಟರ್ ಹೋಗ್ತದೆ. ಹಗಲು ಸ್ವಲ್ಪ ಮೇಲಿನ ಫ್ರೀಕ್ವೆನ್ಸಿ, ರಾತ್ರಿ ಕೆಳಗಿಂದು. 7 ಮೆಗಾಹರ್ಟ್ಸ್‌ಗೆ ಆಂಟೆನಾ ಅಂದ್ರೆ ಎರಡು ತೆಂಗಿನಮರದ ಮಧ್ಯ ಕಟ್ಟೋ 20 ಮೀಟರ್ ತಂತಿ ಅಷ್ಟೇ.

ಸ್ಪೀಡು ಕೇಳ್ಬೇಡಿ. ಫೋಟೋ ಗೀಟೋ ಹೋಗಲ್ಲ, ಬರೀ ಅಕ್ಷರ. ಹಳ್ಳಿಯೋರು ಬಂದು ಆಪರೇಟರ್ ಹತ್ರ ಹೇಳೋದು, ಆತ ಟೈಪ್ ಮಾಡೋದು, ಮೆಸೇಜು ರೇಡಿಯೋದಲ್ಲಿ ರಾಜಧಾನಿ ಹೊನಿಯಾರಾಗೆ ಹೋಗಿ ಅಲ್ಲಿಂದ ಇಮೇಲ್ ಆಗಿ ಮುಂದಕ್ಕೆ. ಒಂದು ಮೆಸೇಜಿಗೆ ಇಷ್ಟು ಅಂತ ಸಣ್ಣ ದುಡ್ಡು. ಸ್ಟೇಷನ್ ನೋಡ್ಕೊಳ್ಳೋದು ಊರಿನ ಕಮಿಟಿ. ನಮ್ಮಲ್ಲಿ ಹಿಂದೆ ಪೋಸ್ಟ್‌ಮ್ಯಾನ್ ಕೈಲಿ ಕಾಗದ ಬರೆಸ್ತಿದ್ರಲ್ಲ, "ಇಲ್ಲಿ ಎಲ್ಲರೂ ಕ್ಷೇಮ" ಅಂತ, ಅದೇ ಲೆಕ್ಕ. ನನ್ ಅಂದಾಜಿಗೆ ಅದು ನಡೆದಿದ್ದು ಮಿಷೀನಿಂದಲ್ಲ, ಆ ಆಪರೇಟರಿಂದ. ಊರಲ್ಲೇ ಇರೋ ಒಬ್ಬ ಮನುಷ್ಯ, ಅವನಿಗೊಂದು ಚೂರು ಆದಾಯ, ಬ್ಯಾಟ್ರಿ ಸತ್ರೆ ಮೊದ್ಲು ಬೈಗುಳ ತಿನ್ನೋನೂ ಅವನೇ.

ಹಂಗಂತ ಈಗ ಎಚ್‌ಎಫ್ ಸೆಟ್ ಕಳಿಸ್ಬೇಡಿ ಮತ್ತೆ! ಅಲ್ಲಿನ ಲೈಸೆನ್ಸ್ ಇಲ್ದೆ ಟ್ರಾನ್ಸ್‌ಮಿಟರ್ ಕಳಿಸಿದ್ರೆ ಕಸ್ಟಮ್ಸಲ್ಲೇ ಕೊಳೀತದೆ, ಹ್ಯಾಮ್ ಲೈಸೆನ್ಸಲ್ಲಿ ದುಡ್ಡು ತಗೊಂಡು ಮೆಸೇಜ್ ಕಳ್ಸೋ ಹಂಗೂ ಇಲ್ಲ. ಕಾಲಾನೂ ಬದಲಾಗೈತೆ, ಆಸ್ಟ್ರೇಲಿಯಾ ಕಡೆಯಿಂದ ಪಪುವಾ ನ್ಯೂಗಿನಿ ರಾಜಧಾನಿ ಪೋರ್ಟ್ ಮೊರೆಸ್ಬಿಗೂ ಹೊನಿಯಾರಾಗೂ ಕೋರಲ್ ಸೀ ಕೇಬಲ್ ಬಂದೈತೆ, 4,700 ಕಿಲೋಮೀಟರು. ನಮ್ಮ ಅಂಡಮಾನಿಗೆ ಚೆನ್ನೈಯಿಂದ ಸಮುದ್ರದ ಕೇಬಲ್ ಬಂದಿದ್ದೂ 2020ರ ಆಗಸ್ಟಲ್ಲೇ ಅಲ್ವಾ, ಅಲ್ಲೀವರೆಗೆ ಅವರೂ ಸ್ಯಾಟಲೈಟಲ್ಲೇ ಒದ್ದಾಡ್ತಿದ್ರು. 2004ರ ಸುನಾಮೀಲಿ ಅಂಡಮಾನಿನ ಸುದ್ದಿ ಆಚೆ ಬರೋಕೆ ಆಗ ಅಲ್ಲಿದ್ದ ನಮ್ ಹ್ಯಾಮ್ ತಂಡಾನೂ ಕಾರಣ, ಇದನ್ನ ಹೇಳ್ದೆ ಯಾವ ಹ್ಯಾಮೂ ಪೋಸ್ಟ್ ಮುಗ್ಸಲ್ಲ, ಕ್ಷಮಿಸಿ. ಆದ್ರೆ ಕೇಬಲ್ಲು ದೊಡ್ಡ ಊರಿನ ತನಕ. ಅಲ್ಲಿಂದ ಆಚೆ ಬೋಟು.

ಈಗ ನಿಮ್ 14 ಲ್ಯಾಪ್‌ಟಾಪ್ ಲೆಕ್ಕ. ಹಳೇದು ಒಂದಕ್ಕೆ 55 ವ್ಯಾಟ್ ಹಿಡೀರಿ, 14ಕ್ಕೆ 770. ದಿನಕ್ಕೆ ಮೂರು ಗಂಟೆ ಅಂದ್ರೆ 2,300 ವ್ಯಾಟ್ ಅವರ್ ಮೇಲಾಯ್ತು. ನಮ್ ಮನೆ ಇನ್ವರ್ಟರಿಗೆ ಹಾಕ್ತೀವಲ್ಲ 150 ಎಎಚ್ ಬ್ಯಾಟ್ರಿ, ಅದರಲ್ಲಿ 1,800 ಐತೆ, ಆದ್ರೆ ಅರ್ಧಕ್ಕಿಂತ ಕೆಳಗೆ ಇಳ್ಸಿದ್ರೆ ಬೇಗ ಸಾಯ್ತದೆ, ಅಂದ್ರೆ ಬಳಸೋದು 900. ಮೂರು ಬ್ಯಾಟ್ರಿ ಬೇಕು, ಅದೂ ಉಪ್ಪುಗಾಳೀಲಿ. ಯಾರು ತಗೊಂಡೋಗ್ತಾರೆ, ಎರಡ್ಮೂರು ವರ್ಷಕ್ಕೆ ಯಾರು ಬದಲಾಯಿಸ್ತಾರೆ?

ಬದ್ಲಿಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಒಂದು ತಗೊಳ್ಳಿ, ಇಸ್ಪೀಟ್ ಪ್ಯಾಕಿನಷ್ಟು ಇರ್ತದೆ, ಐದು ವ್ಯಾಟ್ ಹತ್ರ ಕುಡೀತದೆ. ಅದಕ್ಕೆ ಕಿವಿಕ್ಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿದ್ರೆ ಇಂಟರ್ನೆಟ್ಟೇ ಇಲ್ದೆ ವಿಕಿಪೀಡಿಯ, ಪುಸ್ತಕ ಎಲ್ಲಾ ವೈಫೈಲಿ ಬಿತ್ತರಿಸ್ತದೆ, ಪಕ್ಕದಲ್ಲಿರೋ ಫೋನಲ್ಲಿ ಓದ್ಬೋದು. ಇಂಗ್ಲಿಷ್ ವಿಕಿಪೀಡಿಯ ಫೋಟೋ ಸಮೇತ ನೂರು ಜಿಬಿ ಆಸುಪಾಸು. ಮೇಷ್ಟ್ರು ಹೇಳಿದ್ರಲ್ಲ, ಟೋಕ್ ಪಿಸಿನ್‌ನಲ್ಲೂ ಒಂದು ವಿಕಿಪೀಡಿಯ ಐತೆ, ಪುಟ್ಟದು. 50 ವ್ಯಾಟ್ ಪ್ಯಾನಲ್ ಒಂದು, ಜತೆಗೆ ಸಣ್ಣ ಬ್ಯಾಟ್ರಿ ಒಂದು ಇದ್ರೆ ರಾತ್ರಿ ಹಗಲು ನಡೀತದೆ. ಎರಡು ಸೆಟ್ ಕಳ್ಸಿ, ಒಂದು ಕೆಟ್ರೆ ಇನ್ನೊಂದು. ಎಸ್‌ಡಿ ಕಾರ್ಡ್ ಮಾತ್ರ ನಾಲ್ಕೈದು ಎಕ್ಸ್‌ಟ್ರಾ, ಮೊದ್ಲು ಸಾಯೋದು ಅದೇ.

ಇನ್ನೊಂದು ಸಣ್ಣ ವಿಷಯ, ಅಲ್ಲಿ ಪ್ಲಗ್ಗು ಆಸ್ಟ್ರೇಲಿಯಾ ಥರ ಓರೆ ಪಿನ್ನು, ವೋಲ್ಟೇಜ್ 240, ಹತ್ರಹತ್ರ ನಮ್ದೇ. ನಮ್ ದಪ್ಪ ಮೂರ್ ಪಿನ್ನು ಅಲ್ಲಿ ತೂರಲ್ಲ.

---

ಕೆಜಿಎಫ್_ಮಾರಿಕುಪ್ಪಂ

ಯುದ್ಧ ಯಾಕಾಯ್ತು ಅಂತ ಒಬ್ರೂ ಕೇಳ್ಲಿಲ್ಲ. ಗಣಿ ಸಾಮಿ, ಗಣಿ. ಪಾಂಗುನಾ ಅಂತ ತಾಮ್ರ, ಚಿನ್ನದ ಗಣಿ, 1972ರಲ್ಲಿ ಶುರುವಾಯ್ತು. ಗಣಿ ವೇಸ್ಟು 100 ಕೋಟಿ ಟನ್ನಿಗಿಂತ ಜಾಸ್ತಿ ಹೊಳೆಗೆ ಬಿಟ್ರು, ಜಾಬಾ ನದಿ ತುಂಬಾ ಅದೇ. ಲಾಭ ಕಂಪನಿಗೂ ದೂರದ ಸರ್ಕಾರಕ್ಕೂ, ಜಮೀನಿನೋರಿಗೆ ಚಿಲ್ಲರೆ. ಆ ಜಮೀನು ಬಹಳ ಕಡೆ ಹೆಂಗಸರ ವಂಶದಲ್ಲಿ ಬರೋದು, ಅಮ್ಮನಿಂದ ಮಗಳಿಗೆ. 1988ರಲ್ಲಿ ಕರೆಂಟ್ ಕಂಬ ಉರುಳ್ಸೋದ್ರಿಂದ ಶುರುವಾಗಿ 1989ಕ್ಕೆ ಗಣಿ ಮುಚ್ತು, ಆಮೇಲೆ ಹತ್ತು ವರ್ಷ ಹೆಣ.

ನಮ್ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಅವರ ಶಾಂತಿ ಒಪ್ಪಂದಕ್ಕೆ ಸೈನ್ ಬಿದ್ದಿದ್ದೂ ಅದೇ 2001, ಆಗಸ್ಟ್ 30. ನಾವು ಹೊಡೆದಾಡ್ಲಿಲ್ಲ, ಬೆಳಗ್ಗೆ ನಾಲ್ಕಕ್ಕೆದ್ದು ಸ್ವರ್ಣ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಕೂಲಿಗೆ ಹೋದ್ವಿ, ಈಗ್ಲೂ ಹೋಗ್ತಾ ಇದೀವಿ. ಗಣಿ ವೇಸ್ಟಿನ ಸೈನೈಡ್ ದಿಬ್ಬ ನಮ್ ಮನೆ ಹಿಂದೇನೇ, ಬೇಸ್ಗೇಲಿ ಗಾಳಿ ಬಿಟ್ರೆ ನಮ್ಮಮ್ಮ ಈಗ್ಲೂ ನೀರಿನ ಬಿಂದಿಗೆ ಮೇಲೆ ಒದ್ದೆ ಬಟ್ಟೆ ಮುಚ್ತಾಳೆ.

ಅದಕ್ಕೆ ಹೇಳೋದು. ಹೊರಗಿಂದ ಬಂದು "ನಿಮಗೆ ಒಳ್ಳೇದು ಮಾಡ್ತೀವಿ" ಅಂದೋರನ್ನ ಆ ಜನ ಬೇಕಾದಷ್ಟು ನೋಡವ್ರೆ. ಯುದ್ಧ ನಿಂತ್ಮೇಲೆ ಶಾಂತಿ ನೋಡ್ಕೊಳ್ಳೋಕೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿ, ವನುವಾಟು ಕಡೆಯೋರು ಬಂದ್ರಲ್ಲ, ಕೈಲಿ ಬಂದೂಕ ಇಲ್ದೆ ಬಂದಿದ್ದಕ್ಕೇ ಅವರನ್ನ ಒಳಗೆ ಬಿಟ್ಕೊಂಡಿದ್ದು. 2019ರಲ್ಲಿ ಸ್ವತಂತ್ರ ಬೇಕಾ ಅಂತ ಓಟು ಹಾಕ್ಸಿದ್ರೆ 100ಕ್ಕೆ 98 ಜನ ಬೇಕು ಅಂದ್ರು. ಅಂಥೋರ ಊರಿಗೆ ನಿಮ್ ಆಫೀಸಲ್ಲಿ ಬೇಡವಾದ ಸಾಮಾನು ಕಳಿಸ್ತೀರಾ? ಕೆಟ್ಟೋದ್ಮೇಲೆ ಅದನ್ನ ಎಲ್ಲಿ ಎಸೀಬೇಕು ಅವರು, ದ್ವೀಪದಲ್ಲಿ? ಆ ಕಡೆ ದ್ವೀಪಗಳಿಗೆ ಅಪಾಯದ ಕಸ ತಂದು ಸುರೀಬಾರ್ದು ಅಂತ ವೈಗಾನಿ ಒಪ್ಪಂದ ಅಂತಾನೇ ಒಂದೈತೆ, 1995ರದ್ದು, ವೈಗಾನಿ ಇರೋದು ಅವರ ರಾಜಧಾನೀಲೇ. ಹಳೇ ಲಿಥಿಯಂ ಬ್ಯಾಟ್ರಿ ಏರ್ ಕಾರ್ಗೋದೋರೂ ಸುಲಭಕ್ಕೆ ಮುಟ್ಟಲ್ಲ.

---

ಬೂದಿಕೋಟೆ_ಅಕ್ಕ

ಮಾರಿಕುಪ್ಪಂ ತಮ್ಮ, ಕೋಪ ಸರಿ, ಆದ್ರೆ ಪಾಪ ಹುಡುಗ್ರು ಕೇಳ್ತಾ ತಾನೆ ಅವ್ರೆ.

ನಮ್ ಊರಿಂದು ಹೇಳ್ತೀನಿ. ಬೂದಿಕೋಟೆ ಅಂದ್ರೆ ಹೈದರಾಲಿ ಹುಟ್ಟಿದ ಊರು ಅಂತಾರೆ, ಅದು ಬಿಡಿ. 2000ದ ದಶಕದ ಶುರುವಲ್ಲಿ ಇಲ್ಲಿ ನಮ್ಮ ಧ್ವನಿ ಅಂತ ಸಮುದಾಯ ರೇಡಿಯೋ ಆಯ್ತು. ಆಗ ಸಂಘಸಂಸ್ಥೆಗಳಿಗೆ ರೇಡಿಯೋ ಲೈಸೆನ್ಸೇ ಕೊಡ್ತಿರ್ಲಿಲ್ಲ, 2006ರ ತನಕ. ಏನ್ ಮಾಡಿದ್ರು, ಊರಲ್ಲಿ ಟೀವಿ ಕೇಬಲ್ ಎಳ್ದಿತ್ತಲ್ಲ, ಅದೇ ವೈರಲ್ಲಿ ಬರೀ ಧ್ವನಿ ಬಿಟ್ರು! ಸಂಘದ ಹೆಂಗಸರೇ ಮೈಕ್ ಮುಂದೆ. ನಾನು ಆಗ ಪಿಯುಸಿ ಫೇಲಾಗಿ ಮನೇಲಿದ್ದೆ, ನಮ್ಮತ್ತೆ ರಾಗಿ ಬೀಸೋ ಪದ ಹೇಳ್ತಾ ಟೀವಿಯಿಂದ ಕೇಳ್ಸಿದ್ದು ಇನ್ನೂ ನೆನಪೈತೆ, ಟೀವಿ ಪರದೆ ಖಾಲಿ, ಅತ್ತೆ ಮಾತ್ರ ಹಾಡ್ತಾವ್ರೆ, ಮಾವ ಟೀವಿ ಹಿಂದೆ ಹೋಗಿ ನೋಡಿದ್ರು.

ಅದಕ್ಕೆ ನನ್ ಮಾತು, ಓದು ಬರದ ಅಪ್ಪಅಮ್ಮ ಇರೋ ಊರಲ್ಲಿ ಅಕ್ಷರಕ್ಕಿಂತ ಮೊದ್ಲು ಕಿವಿ. ಒಂದು ಒಳ್ಳೇ ವಾಯ್ಸ್ ರೆಕಾರ್ಡರ್, ಒಂದೆರಡು ಚಾರ್ಜಬಲ್ ಸ್ಪೀಕರ್ ಕೊಟ್ರೆ ಅಜ್ಜಿ ತಾತಂದ್ರು ಅವರ ಭಾಷೇಲಿ ಕಥೆ ಹೇಳ್ತಾರೆ, ಆ ತುಮಕೂರಣ್ಣನ ಇಸ್ಪೀಟ್ ಪ್ಯಾಕ್ ಡಬ್ಬೀಲೇ ಅದನ್ನೂ ಹಾಕ್ಬೋದಲ್ವಾ? ಸ್ಕೂಲಿನ ಮಕ್ಳು ಕೇಳಿ ಬರ್ಕೊಂಡ್ರೆ ಅದೇ ಪುಸ್ತಕ. ಆ ಮಕ್ಳ ಅಮ್ಮಂದಿರಿಗೆ ಇಂಗ್ಲಿಷ್ ವಿಕಿಪೀಡಿಯ ತಗೊಂಡು ಏನಾಗ್ಬೇಕು.

---

ಆಂಟೆನಾ_ತುಮಕೂರು

ಅಕ್ಕ, ಧಾರಾಳವಾಗಿ ಹಾಕ್ಬೋದು. ಆಡಿಯೋ ಅಂದ್ರೆ ಜಾಗಾನೇ ಹಿಡಿಯಲ್ಲ, ಮಾತು ಒಂದು ಗಂಟೆ 30 ಎಂಬಿ ಒಳಗೇ ಮುಗೀತದೆ. ಇದು ನನಗೆ ಹೊಳೀಲೇ ಇಲ್ಲ ನೋಡಿ, ಆಂಟೆನಾ ಅಂದ್ರೆ ಮಾತ್ರ ತಲೆ ಓಡೋದು.

---

ಬಂಗಾರಪೇಟೆ_ಬ್ಯಾಚ್05

ಅಪ್ಡೇಟ್. ನಿನ್ನೆ ರಾತ್ರಿ ಅವಳ ವಾಯ್ಸ್ ನೋಟ್ ಬಂತು, ಆರು ನಿಮಿಷದ್ದು. ಇಲ್ಲಿ ನೀವು ಬರೆದಿದ್ದನ್ನೆಲ್ಲ ಓದಿ ನಾನೊಂದು ವಾಯ್ಸ್ ಕಳ್ಸಿದ್ದೆ, ಗುಡ್ಡದ ಮೇಲೆ ಕೂತು ಕೇಳಿದ್ಲಂತೆ. ಲ್ಯಾಪ್‌ಟಾಪ್ ವಿಷಯಕ್ಕೆ ಊರಿನ ದೊಡ್ಡಮ್ಮಂದಿರು ನಕ್ಕರಂತೆ. ಸ್ಕೂಲಲ್ಲಿ ಆಗ್ಲೇ ಆರು ಕಂಪ್ಯೂಟರ್ ಬಿದ್ದಿವೆ, ಯಾರೋ ಯಾವಾಗ್ಲೋ ಕೊಟ್ಟಿದ್ದು, ಮೇಲೆ ಟಾರ್ಪಾಲ್ ಹೊದ್ಸವ್ರೆ. ಮೇಷ್ಟ್ರೇ, ಇಲಿ ಅಲ್ಲ, ಅಲ್ಲಿ ಏಡಿ ಒಳಗೆ ಹೊಕ್ಕಿತ್ತಂತೆ.

ಅವರು ಕೇಳಿರೋದು ಇಷ್ಟು. ರೆಕಾರ್ಡರ್ ಸರಿ, ಅಕ್ಕ ಹೇಳಿದ್ದು ಅವರಿಗೆ ಬಹಳ ಹಿಡಿಸ್ತು, ಯಾಕಂದ್ರೆ ಯುದ್ಧದ ವರ್ಷಗಳಲ್ಲಿ ಕಾಡಲ್ಲಿ ಅಡಗಿದ್ದ ಕಥೇನ ಹೇಳೋಕೆ ಒಬ್ಬಜ್ಜಿ ರೆಡಿ ಇದಾರಂತೆ, ಆದ್ರೆ ಮಕ್ಕಳಿಗೆ ಯಾವುದು ಕೇಳಿಸ್ಬೇಕು ಯಾವುದು ಬೇಡ ಅಂತ ಅವರೇ ಕೂತು ತೀರ್ಮಾನ ಮಾಡ್ತಾರೆ, ನಾವು ಯಾರೂ ಬಾಯಿ ಹಾಕೋ ಹಂಗಿಲ್ಲ. ಪೈ ಡಬ್ಬಿ ಒಂದೇ ಸಾಕು, ಓಡಿದ್ರೆ ಇನ್ನೊಂದು ನೋಡಣ ಅಂದವ್ರೆ. ದುಡ್ಡಲ್ಲಿ ದೊಡ್ಡ ಪಾಲು ಬೋಟಿನ ಪೆಟ್ರೋಲಿಗೆ, ಟೀಚರುಗಳು ತಿಂಗಳಿಗೊಂದು ಸಲ ಆರಾವಾಗೆ ಹೋಗಿ ಬರೋಕೆ. ನಮ್ ಗ್ರೂಪಲ್ಲಿ ಪೆಟ್ರೋಲಾ ಅಂತ ಒಬ್ಬ ಮುಖ ಸಿಂಡರಿಸ್ದ, ಫೋಟೋ ಹಾಕೋಕೆ ಏನೂ ಇರಲ್ವಲ್ಲ ಅಂತ.

ಲ್ಯಾಪ್‌ಟಾಪ್ ಹದಿನಾಲ್ಕೂ ಇಲ್ಲೇ ಉಳೀತು. ಸಿಡುಕಣ್ಣ, ನಿಮ್ ಊರ ಸ್ಕೂಲಿಗೆ ಬೇಕಾ ಅಂತ ಕೇಳಣ ಅನ್ಕೊಂಡೆ, ಆಮೇಲೆ ಸೋರೋದು ನೆನಪಾಯ್ತು, ಶೀಟಿನ ಎಸ್ಟಿಮೇಟ್ ಇದ್ರೆ ನಂಗೆ ಮೆಸೇಜ್ ಮಾಡಿ.

ಕೊನೇದಾಗಿ, ಸೋಲಾರ್ ಬ್ಯಾಟ್ರಿ ನೀರು ನೋಡೋ ಗಾಜಿನ ಮೀಟರ್ ಒಂದು ಕಳ್ಸು ಅಂದ್ಲು, ಪಿಚಕಾರಿ ಥರ ಇರುತ್ತಲ್ಲ, ಒಳಗೆ ತೇಲೋ ಕಡ್ಡಿ ಇರೋದು. ಅಲ್ಲಿ ಒಬ್ಬ ಹುಡುಗ ಬ್ಯಾಟ್ರಿ ನೋಡ್ಕೋತಾನೆ, ನಾಲಿಗೆ ಮೇಲೆ ವೈರ್ ಇಟ್ಟು ಚಾರ್ಜ್ ಎಷ್ಟೈತೆ ಹೇಳ್ತಾನಂತೆ! ಆಂಟೆನಾ ಅಣ್ಣ, ಅದು ಕೋಲಾರದಲ್ಲಿ ಬ್ಯಾಟ್ರಿ ಅಂಗಡೀಲೇ ಸಿಗುತ್ತಾ, ಬೆಂಗಳೂರು ಎಸ್‌ಪಿ ರೋಡಿಗೇ ಹೋಗ್ಬೇಕಾ? ಗಾಜು ಒಡೀದಂಗೆ ಹೆಂಗೆ ಪ್ಯಾಕ್ ಮಾಡ್ಲಿ?

---

ಆಂಟೆನಾ_ತುಮಕೂರು

ಕೋಲಾರದಲ್ಲೇ ಸಿಗುತ್ತೆ, ಟ್ರ್ಯಾಕ್ಟರ್ ಬ್ಯಾಟ್ರಿ ಮಾರೋ ಯಾವ ಅಂಗಡೀಲಾದ್ರೂ ಕೇಳಿ, ಹೈಡ್ರೋಮೀಟರ್ ಅನ್ನಿ. ಎರಡು ತಗೊಳ್ಳಿ, ಒಂದು ಒಡ್ದೇ ಒಡೀತದೆ. ರಾಗಿ ತುಂಬಿದ ಡಬ್ಬೀಲಿ ಹೂತಿಟ್ಟು ಕಳ್ಸೋ ಐಡಿಯಾ ಬಂತು, ಆದ್ರೆ ಕಾಳು ಕಡಿ ಅಂದ್ರೆ ಕ್ವಾರಂಟೈನ್‌ನೋರು ಹಿಡ್ಕೋತಾರೆ, ಹಳೇ ಕಾಟನ್ ಪಂಚೇಲಿ ಸುತ್ತಿ ಪಿವಿಸಿ ಪೈಪ್ ತುಂಡಲ್ಲಿ ತೂರ್ಸಿ, ಎರಡೂ ಕಡೆ ಎಂಡ್ ಕ್ಯಾಪ್. ಆ ಹುಡುಗನಿಗೆ ನಾಲಿಗೆ ಪರೀಕ್ಷೆ ಬಿಡೋಕೆ ಹೇಳಿ ಮಾರಾಯ.